ಚಿಕ್ಕಗಡಿಯಾರದ ಹತ್ತಿರ ಹತ್ತು ನಿಮಿಷ ನಿಲ್ಲಿಸಿ
ಮೈಸೂರಿನ ಗೈಡುಗಳಿಗೆ ಒಂದು ಬಹಿರಂಗ ಪತ್ರ

ಗೈಡು ಮಿತ್ರರೇ,

ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ಅರಮನೆಯ ಬಾಗಿಲಲ್ಲಿ ನಿಲ್ಲುವವರಿಗೆ, ಚೀಟಿಯ ಹಂಗಿಲ್ಲದೆ ಬರೀ ಬಾಯಿಬಲದಿಂದ ದೇವರಾಜ ಮಾರುಕಟ್ಟೆಯಲ್ಲಿ ಗಿರಾಕಿ ಹಿಡಿಯುವವರಿಗೆ, ಲಗಾಮು ಎಳೆಯುತ್ತಲೇ ಮಹಾರಾಜರ ಕಥೆ ಹೇಳುವ ಟಾಂಗಾದವರಿಗೆ, ಆಟೋದವರಿಗೆ, ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ನಾನು ದೇವರಾಜ ಮೊಹಲ್ಲಾದವನು. ಸೊಪ್ಪು, ತರಕಾರಿ, ಹೂವು ಎಂದು ಮಾರುಕಟ್ಟೆಗೆ ಹೋದಾಗಲೆಲ್ಲ ನಿಮ್ಮ ಮಾತು ಕಿವಿಗೆ ಬೀಳುತ್ತಿರುತ್ತದೆ. ನಿಮ್ಮ ನಾಲಿಗೆಯ ಬಗ್ಗೆ ನನಗೆ ನಿಜವಾಗಿ ಹೊಟ್ಟೆಕಿಚ್ಚು. ಬೆಳಿಗ್ಗೆ ಕೇರಳದವರ ಜೊತೆ ಮಲಯಾಳ, ಮಧ್ಯಾಹ್ನ ಗುಜರಾತಿನವರ ಜೊತೆ ಹಿಂದಿ, ಸಾಯಂಕಾಲ ಯಾರೋ ಬಿಳಿಯರ ಜೊತೆ ಅವರದೇ ಮಾತು. ಓದಿದವರು ಅನ್ನಿಸಿಕೊಂಡ ನಮಗೆ ಅದರ ಕಾಲುಭಾಗವೂ ಬರುವುದಿಲ್ಲ.

ತಕರಾರು ನಿಮ್ಮ ಭಾಷೆಯದಲ್ಲ, ನಿಮ್ಮ ದಾರಿಯದು. ಬೆಳಿಗ್ಗೆ ಅರಮನೆ, ಆಮೇಲೆ ಮೃಗಾಲಯ, ಊಟ ಮುಗಿಸಿ ಬೆಟ್ಟ, ಕತ್ತಲಾಗುವ ಹೊತ್ತಿಗೆ ಬೃಂದಾವನ. ನಡುವೆ ಸಮಯ ಸಿಕ್ಕರೆ ಮಾರುಕಟ್ಟೆಯೊಳಗೆ ಒಂದು ಸುತ್ತು, ಬಣ್ಣದ ಪುಡಿಯ ಗುಡ್ಡೆಗಳ ಮುಂದೆ ಫೋಟೋ, ಅಲ್ಲಿಂದ ಸೀದಾ ಸುಗಂಧದ ಎಣ್ಣೆ ಅಂಗಡಿ. ಎಣ್ಣೆ ಅಂಗಡಿಯ ಬಗ್ಗೆ ನಾನೇನೂ ಹೇಳುವುದಿಲ್ಲ, ಹೊಟ್ಟೆಪಾಡು ಎಲ್ಲರಿಗೂ ಇದೆ. ಆದರೆ ಮಾರುಕಟ್ಟೆಯ ದಕ್ಷಿಣದ ಬಾಗಿಲು ದಾಟಿ ಆಚೆ ಬಂದರೆ ಚಿಕ್ಕಗಡಿಯಾರದ ಚೌಕ. ಅಲ್ಲಿಂದ ಸಯ್ಯಾಜಿರಾವ್ ರಸ್ತೆ ಹಿಡಿದು ಕೆ.ಆರ್. ವೃತ್ತ, ಮುಂದೆ ದೊಡ್ಡಗಡಿಯಾರ, ಪುರಭವನ, ಗಾಂಧಿ ಚೌಕ. ಇಷ್ಟು ದೂರವನ್ನು ನೀವು ನಿಮ್ಮ ಯಾತ್ರಿಕರನ್ನು ದನ ಅಟ್ಟಿಕೊಂಡು ಹೋಗುವವರಂತೆ ಅವಸರದಲ್ಲಿ ದಾಟಿಸುತ್ತೀರಿ. ಯಾರಾದರೂ ಗಡಿಯಾರದ ಕಡೆ ಬೆರಳು ತೋರಿಸಿದರೆ ‘ಬ್ರಿಟಿಷರ ಕಾಲದ್ದು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೀರಿ. ಹತ್ತು ನಿಮಿಷ ಅಲ್ಲಿ ನಿಲ್ಲಿಸಿ ಎಂದು ಕೇಳುವುದಕ್ಕೆ ಈ ಕಾಗದ.

ಮೊದಲು ವಯಸ್ಸಿನ ಲೆಕ್ಕ ನೋಡೋಣ. ನೀವು ‘ಪುರಾತನ ಅರಮನೆ’ ಎಂದು ತೋರಿಸುವ ಕಟ್ಟಡ ಅಷ್ಟೇನೂ ಪುರಾತನವಲ್ಲ. ಅಲ್ಲಿದ್ದ ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದ ದಿನಗಳಲ್ಲೇ, ಬೆಂಕಿಗೆ ಆಹುತಿಯಾಯಿತು. ಹೊಸದಕ್ಕೆ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿ ನಕ್ಷೆ ಹಾಕಿದರು. ಅದು ಮುಗಿದದ್ದು 1912ರಲ್ಲಿ. ಈಗ ಈಚೆ ಬನ್ನಿ. ಪುರಭವನಕ್ಕೆ ಅಡಿಗಲ್ಲು ಬಿದ್ದದ್ದು 1884ರಲ್ಲಿ. ಚಿಕ್ಕಗಡಿಯಾರ ವೈಸರಾಯ್ ಡಫರಿನ್ 1886ರಲ್ಲಿ ಊರಿಗೆ ಬಂದದ್ದರ ನೆನಪಿಗೆ ಎದ್ದದ್ದು. ಲ್ಯಾನ್ಸ್‌ಡೌನ್ ಕಟ್ಟಡ 1892ರದು. ಅಂದರೆ ನಿಮ್ಮ ಯಾತ್ರಿಕರು ಟಿಕೆಟ್ಟು ಕೊಂಡು, ಚಪ್ಪಲಿ ಬಿಟ್ಟು, ಸಾಲಿನಲ್ಲಿ ನಿಂತು ನೋಡುವ ಕಟ್ಟಡಕ್ಕಿಂತ ಹಿರಿಯವಾದ ಕಟ್ಟಡಗಳು ಬೀದಿಯಲ್ಲಿ ಬಿಟ್ಟಿಯಾಗಿ ನಿಂತಿವೆ. ಅವುಗಳ ಮುಂದೆ ನಿಮಗೆ ಹೇಳಲು ಕಥೆಯಿಲ್ಲ. ಇಲ್ಲ ಅಂದರೆ ಇಲ್ಲವೆಂದಲ್ಲ, ಯಾರೂ ನಿಮಗೆ ಹೇಳಿಕೊಟ್ಟಿಲ್ಲ.

ಹಾಗಾದರೆ ಚರಂಡಿಯಿಂದ ಶುರು ಮಾಡೋಣ. ಹೌದು, ಚರಂಡಿಯಿಂದಲೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮೈಸೂರು ಎಂಬುದು ಊರು ಅನ್ನಿಸಿಕೊಳ್ಳುವ ಸ್ಥಿತಿಯಲ್ಲೂ ಇರಲಿಲ್ಲ. ಹಳೆಯ ಕೋಟೆಯನ್ನು ಟಿಪ್ಪು ಕೆಡವಿಸಿ ಕಲ್ಲುಗಳನ್ನು ಪಕ್ಕದಲ್ಲಿ ನಜರ್‌ಬಾದ್ ಕಟ್ಟಲು ಸಾಗಿಸಿದ್ದ. ಅವನು ಸತ್ತ ಮೇಲೆ ಅದೇ ಕಲ್ಲುಗಳು ಮತ್ತೆ ಹಿಂದಕ್ಕೆ ಬಂದವು. ಐದು ವರ್ಷದ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದ ಮೇಲೆ ಕೂರಿಸಿ ರಾಜ್ಯ ನಡೆಸಿದವರು ದಿವಾನ್ ಪೂರ್ಣಯ್ಯ. ಹೊಸದಾಗಿ ಕಟ್ಟುತ್ತಿದ್ದ ರಾಜಧಾನಿಗೆ ನೀರಿಲ್ಲ. ಕೆಲವು ಮೈಲಿ ದೂರದಲ್ಲಿ ಕಾವೇರಿ ಹರಿಯುತ್ತಾಳೆ, ಆದರೆ ಊರು ಎತ್ತರದಲ್ಲಿದೆ. ನದಿಯ ನೀರನ್ನು ಊರೊಳಗೆ ತರುತ್ತೇನೆಂದು ಪೂರ್ಣಯ್ಯ ದೊಡ್ಡ ನಾಲೆ ತೋಡಿಸಿದರು. ದುಡ್ಡು ಸುರಿಯಿತು, ನಾಲೆ ಆಯಿತು, ನೀರು ಮಾತ್ರ ಬರಲಿಲ್ಲ. ಸೈನ್ಯಕ್ಕೆ ಸಾಮಾನು ಒದಗಿಸುವುದರಲ್ಲೂ ಲೆಕ್ಕಪತ್ರದಲ್ಲೂ ಎತ್ತಿದ ಕೈಯಾಗಿದ್ದ ಆ ಮನುಷ್ಯನಿಗೆ ನೆಲದ ಏರಿಳಿತ ದಕ್ಕಲಿಲ್ಲ.

ನೀರು ಬರದ ನಾಲೆ ಖಾಲಿ ಇರುತ್ತದೆಯೇ? ಊರಿನ ಕೊಚ್ಚೆಯೆಲ್ಲ ಅದಕ್ಕೆ ಇಳಿಯಿತು. ಕಾವೇರಿಗೆಂದು ತೋಡಿದ ಕಾಲುವೆ ದಶಕಗಳ ಕಾಲ ಪಟ್ಟಣದ ನಡುಮಧ್ಯೆ ಬಾಯ್ತೆರೆದ ಚರಂಡಿಯಾಗಿ ನಾರುತ್ತಿತ್ತು. ಮಳೆಗಾಲದಲ್ಲಿ ಸೊಳ್ಳೆ, ಬೇಸಿಗೆಯಲ್ಲಿ ವಾಂತಿಭೇದಿ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1880ರ ದಶಕದಿಂದೀಚೆಗೆ, ಆ ಹಳ್ಳವನ್ನು ಮಣ್ಣು ತುಂಬಿ ಮುಚ್ಚಿಸಿದರು. ಸುಮಾರು ಒಂದು ಮೈಲಿ ಉದ್ದ. ಮುಚ್ಚಿದ ಜಾಗ ಅಗಲವಾದ ನೇರ ರಸ್ತೆಯಾಯಿತು. ಎರಡೂ ಪಕ್ಕ ಒಂದೇ ಮಾದರಿಯ ಅಂಗಡಿಸಾಲು ಎದ್ದವು. ಬರೋಡೆಯ ಮಹಾರಾಜರ ಹೆಸರಿಟ್ಟು ಅದನ್ನು ಸಯ್ಯಾಜಿರಾವ್ ರಸ್ತೆ ಎಂದು ಕರೆದರು.

ಜಂಬೂಸವಾರಿ ಹೋಗುವ ರಸ್ತೆ ಯಾವುದು? ಅದೇ. ವಿಜಯದಶಮಿಯ ದಿನ ಬೆಳಗಿನಿಂದಲೇ ಜನ ಚಾಪೆ ಹಾಸಿಕೊಂಡು, ಮರದ ಕೊಂಬೆ ಹಿಡಿದುಕೊಂಡು, ಪೊಲೀಸರ ಲಾಠಿಗೂ ಜಗ್ಗದೆ ಜಾಗ ಕಾಯುವುದು ಪೂರ್ಣಯ್ಯನವರ ಸೋತ ನಾಲೆಯ ಮೇಲೆ. ಅಂಬಾರಿ ಹೊತ್ತ ಆನೆ ಹೆಜ್ಜೆಯಿಡುವುದೂ ಅಲ್ಲೇ. ಇದನ್ನು ಯಾತ್ರಿಕರಿಗೆ ಹೇಳಿ ನೋಡಿ. ಸಿಂಹಾಸನದ ರತ್ನಗಳಿಗಿಂತ ಇದು ಅವರ ಮನಸ್ಸಿನಲ್ಲಿ ಹೆಚ್ಚು ದಿನ ಉಳಿಯುತ್ತದೆ. ಅವರವರ ಊರಿನಲ್ಲೂ ಇಂಥ ಮುಚ್ಚಿದ ಹಳ್ಳಗಳಿವೆಯಲ್ಲ. ಕಾವೇರಿ ಕೊನೆಗೂ ಮೈಸೂರಿಗೆ ಬಂದದ್ದು 19ನೇ ಶತಮಾನದ ಕೊನೆಯಲ್ಲಿ, ಪಂಪುಗಳ ಬಲದಿಂದ. ವಾಣಿವಿಲಾಸ ವಾಟರ್ ವರ್ಕ್ಸ್ ಎಂದು ಇವತ್ತಿಗೂ ನಮ್ಮ ನೀರಿನ ಬಿಲ್ಲಿನ ವಿಷಯ ಬಂದಾಗ ಬಾಯಿಗೆ ಬರುವ ಹೆಸರು ಆ ಕಾಲದ ರಾಣಿಯದು.

ಈ ಊರಿನ ಅಭ್ಯಾಸವೇ ಹಾಗೆ. ನಿಂತು ಮಾತಾಡಲು, ಸೇರಲು ಜಾಗ ಬೇಕಾದಾಗಲೆಲ್ಲ ನೀರನ್ನು ಮುಚ್ಚಿದೆ. ವಸ್ತುಪ್ರದರ್ಶನದ ಬಯಲು ದೊಡ್ಡಕೆರೆಯಾಗಿತ್ತು. ಸ್ವಾತಂತ್ರ್ಯ ಚಳವಳಿಯ ಸಭೆಗಳು ನಡೆದ ಸುಬ್ಬರಾಯನಕೆರೆ ಈಗ ಹೆಸರಿನಲ್ಲಿ ಮಾತ್ರ ಕೆರೆ. ಇದು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಎರಡು ಮಳೆ ಜೋರಾಗಿ ಬಂದರೆ ತಗ್ಗಿನ ರಸ್ತೆಗಳಲ್ಲಿ ಆ ಕೆರೆಗಳು ತಮ್ಮ ಲೆಕ್ಕ ಕೇಳಲು ವಾಪಸು ಬರುತ್ತವೆ.

ಈಗ ಪುರಭವನಕ್ಕೆ ಬನ್ನಿ. ನಿಮ್ಮ ಹತ್ತು ನಿಮಿಷದಲ್ಲಿ ನಾಲ್ಕನ್ನಾದರೂ ಇದಕ್ಕೆ ಕೊಡಬೇಕು.

1831ರಲ್ಲಿ ಬ್ರಿಟಿಷರು ಮುಮ್ಮಡಿಯವರ ಕೈಯಿಂದ ಆಡಳಿತ ಕಿತ್ತುಕೊಂಡರು. ಕಚೇರಿಗಳೆಲ್ಲ ಬೆಂಗಳೂರಿಗೆ ಹೋದವು. ಅರಮನೆ ಮೈಸೂರಿನಲ್ಲಿ, ಸರ್ಕಾರ ಬೆಂಗಳೂರಿನಲ್ಲಿ. ಐವತ್ತು ವರ್ಷ ಹಾಗೇ ನಡೆಯಿತು. ಬೆಂಗಳೂರಿಗೂ ನಮಗೂ ಇವತ್ತು ಇರುವ ವ್ಯತ್ಯಾಸದ ಬೇರು ಅಲ್ಲಿದೆ. ‘ಮೈಸೂರು ನಿವೃತ್ತರ ಊರು’ ಎಂದು ಚೇಷ್ಟೆ ಮಾಡುವವರಿಗೆ, ನಮ್ಮನ್ನು ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸಿದ್ದು 1831ರಲ್ಲೇ ಕಣಯ್ಯಾ ಎಂದು ಹೇಳಬಹುದು. 1881ರಲ್ಲಿ ರಾಜ್ಯ ಮತ್ತೆ ಒಡೆಯರಿಗೆ ಸಿಕ್ಕಿತು. ಸಿಕ್ಕಿದ್ದು ಎಂಥ ರಾಜ್ಯ? 1876ರಿಂದ 78ರವರೆಗಿನ ಮಹಾಬರದಲ್ಲಿ ಲಕ್ಷಗಟ್ಟಲೆ ಜನ ಸತ್ತು, ಐದರಲ್ಲಿ ಒಬ್ಬರಂತೆ ಕಳೆದುಕೊಂಡ ರಾಜ್ಯ. ಬೊಕ್ಕಸದ ಮೇಲೆ ಬ್ರಿಟಿಷ್ ಸರ್ಕಾರಕ್ಕೆ 80 ಲಕ್ಷ ರೂಪಾಯಿ ಸಾಲ. ಆ ಹೊತ್ತಿನಲ್ಲಿ ದಿವಾನರಾದವರು ಸಿ.ವಿ. ರಂಗಾಚಾರ್ಲು. ಮದರಾಸು ಪ್ರಾಂತ್ಯದಿಂದ ಬಂದವರು, ಅರಮನೆಯ ಖರ್ಚುವೆಚ್ಚಕ್ಕೆ ಕಡಿವಾಣ ಹಾಕಿ ನಿಷ್ಠುರ ಕಟ್ಟಿಕೊಂಡವರು.

ಅದೇ ವರ್ಷ ಅಕ್ಟೋಬರ್ 7ರಂದು, ದಸರೆಗೆ ಊರಿಗೆ ಬಂದಿದ್ದ ರೈತಮುಖಂಡರನ್ನೂ ವರ್ತಕರನ್ನೂ ಕೂರಿಸಿಕೊಂಡು ರಂಗಾಚಾರ್ಲು ರಾಜ್ಯದ ಜಮಾಖರ್ಚು ಓದಿದರು. ಬಂದಿದ್ದವರು 144 ಮಂದಿ. ಮೈಸೂರು ಪ್ರಜಾಪ್ರತಿನಿಧಿ ಸಭೆಯ ಮೊದಲ ಕೂಟ ಅದು. ಇದರ ಮಹತ್ವವನ್ನು ಉಬ್ಬಿಸಬೇಕಾಗಿಲ್ಲ. ಕಾನೂನು ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ. ದಿವಾನರು ಹೇಳಿದ್ದನ್ನು ಕೇಳಬಹುದು, ತಮ್ಮ ಸೀಮೆಯ ಕಷ್ಟ ಹೇಳಿಕೊಳ್ಳಬಹುದು, ಅಷ್ಟೇ. ಬಂದವರೂ ಉಳ್ಳವರೇ, ಕೂಲಿಯವರಲ್ಲ. ಸದಸ್ಯರನ್ನು ಚುನಾಯಿಸುವ ಪದ್ಧತಿ ಶುರುವಾದದ್ದು 1891ರಲ್ಲಿ, ಶಾಸನದ ಬಲ ಬಂದದ್ದು 1923ರಲ್ಲಿ. ಆದರೂ ಯೋಚಿಸಿ. ದೇಶದ ಬೇರೆ ಸಂಸ್ಥಾನಗಳಲ್ಲಿ ದಸರೆಯೆಂದರೆ ರಾಜನಿಗೆ ಕಾಣಿಕೆ ಒಪ್ಪಿಸಿ ಕೈಮುಗಿದು ಬರುವ ದಿನ. ಇಲ್ಲಿ ಅದೇ ದಸರೆಗೆ ಶಿವಮೊಗ್ಗದವನೊಬ್ಬ ಎದ್ದು ನಿಂತು ನಮ್ಮ ಕೆರೆ ಕಟ್ಟೆ ಒಡೆದು ಎರಡು ವರ್ಷವಾಯಿತು, ಯಾಕೆ ರಿಪೇರಿ ಮಾಡಿಲ್ಲ ಎಂದು ಕೇಳಬಹುದಾಗಿತ್ತು. ದಸರಾ ಎಂದರೆ ಆನೆ, ಬ್ಯಾಂಡು, ಪಂಜಿನ ಕವಾಯತು ಎಂದು ಮಾತ್ರ ಹೇಳುವಾಗ ನೀವು ಆ ಅರ್ಧವನ್ನು ಬಿಟ್ಟುಬಿಡುತ್ತೀರಿ.

ರಂಗಾಚಾರ್ಲು ಹೆಚ್ಚು ಕಾಲ ಬದುಕಲಿಲ್ಲ. 1883ರ ಆರಂಭದಲ್ಲೇ ತೀರಿಕೊಂಡರು. ಅವರ ನೆನಪಿಗೆ ಕಟ್ಟಿದ್ದೇ ಪುರಭವನ. ಅದರ ಪೂರ್ತಿ ಹೆಸರು ರಂಗಾಚಾರ್ಲು ಸ್ಮಾರಕ ಭವನ. ಅರಮನೆಯ ಉತ್ತರ ಬಾಗಿಲಿನ ಎದುರಿಗೇ ಒಬ್ಬ ಸಂಬಳದ ನೌಕರನ ಹೆಸರಿನಲ್ಲಿ ಇಷ್ಟು ದೊಡ್ಡ ಕಟ್ಟಡ! ಅದರ ಕಂಬಗಳನ್ನು ಹತ್ತಿರ ಹೋಗಿ ನೋಡಿ. ಗ್ರೀಕರ ಮಾದರಿಯ ಎತ್ತರದ ಕಂಬಗಳು, ಅದರ ಮೇಲೆ ನಮ್ಮವರ ಕೈಚಳಕ. ಒಳಗೆ ನಾಟಕ, ಭಾಷಣ, ಸನ್ಮಾನ, ಪ್ರತಿಭಟನೆ ಎಲ್ಲವೂ ನಡೆದಿವೆ. ಹೊರಗೆ ಈಗ ಅಂಬೇಡ್ಕರ್ ಪ್ರತಿಮೆ ಇದೆ. ಏಪ್ರಿಲ್ 14ರಂದು ಅಲ್ಲಿ ಸೇರುವ ಜನ, ಕಟ್ಟುವ ನೀಲಿ ಬಾವುಟ ನೋಡಿದರೆ ಊರಿನ ಅಂಗಳ ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಉಳ್ಳವರು ಮಾತ್ರ ಬಾಯಿ ತೆರೆಯಬಹುದಾಗಿದ್ದ ಕಾಲದ ಸ್ಮಾರಕದ ಎದುರು ಎಲ್ಲರಿಗೂ ಮತ ಕೊಡಿಸಿದ ಸಂವಿಧಾನದ ಕರ್ತೃ ನಿಂತಿದ್ದಾರೆ. ಇದನ್ನು ನೀವು ಬಿಡಿಸಿ ಹೇಳಿದರೂ ಸರಿ, ಸುಮ್ಮನೆ ಬೆರಳು ತೋರಿಸಿದರೂ ಸರಿ.

ಆ ಆವರಣದ ನೆಲದಡಿಯಲ್ಲಿ ವಾಹನ ನಿಲ್ಲಿಸುವ ತಾಣ ಕಟ್ಟುವ ಕೆಲಸ ವರ್ಷಗಟ್ಟಲೆ ನಡೆದದ್ದನ್ನು ನಾವೆಲ್ಲ ನೋಡಿದ್ದೇವೆ. ಅದರ ಬಗ್ಗೆ ಹೇಳಲು ಹೊರಟರೆ ಪತ್ರದ ಹದ ಕೆಡುತ್ತದೆ, ಬಿಡುತ್ತೇನೆ.

ಡಫರಿನ್, ಲ್ಯಾನ್ಸ್‌ಡೌನ್, ಇರ್ವಿನ್, ಹಾರ್ಡಿಂಜ್. ನಮ್ಮ ಚೌಕದ ಸುತ್ತ ಈ ವೈಸರಾಯರ ಹೆಸರುಗಳೇ. ಮನೆಗೆ ದೊಡ್ಡ ನೆಂಟರು ಬರುತ್ತಾರೆಂದರೆ ಸುಣ್ಣ ಬಳಿಸಿ, ಮುರಿದ ಬಾಗಿಲು ಸರಿಮಾಡಿಸುವುದಿಲ್ಲವೇ, ಹಾಗೆ ಒಬ್ಬೊಬ್ಬ ವೈಸರಾಯ್ ಬಂದಾಗಲೂ ಊರಿಗೊಂದು ಕಟ್ಟಡ, ಒಂದು ರಸ್ತೆ. ಇವತ್ತೂ ದಸರೆ ಹತ್ತಿರ ಬಂದಾಗಲೇ ನಮ್ಮ ರಸ್ತೆಗಳಿಗೆ ಡಾಂಬರು ಬೀಳುತ್ತದೆ. ಆದ್ದರಿಂದ ಈ ಚಾಳಿಯನ್ನು ಬ್ರಿಟಿಷರ ತಲೆಗೆ ಕಟ್ಟಿ ಪ್ರಯೋಜನವಿಲ್ಲ. ವೈಸರಾಯ್ ಎರಡು ದಿನ ಇದ್ದು ಹೋದ. ಡಫರಿನ್ ಗಡಿಯಾರವನ್ನು ಡಫರಿನ್ ಗಡಿಯಾರವೆಂದು ಊರಿನ ಯಾವ ಪ್ರಾಣಿಯೂ ಕರೆಯಲಿಲ್ಲ. ದೊಡ್ಡದೊಂದು ಬಂದ ಮೇಲೆ ಇದು ಚಿಕ್ಕದಾಯಿತು, ಅಷ್ಟೇ. ದೊಡ್ಡದು 1927ರದು, 75 ಅಡಿ ಎತ್ತರ. ನಾಲ್ವಡಿ ಕೃಷ್ಣರಾಜ ಒಡೆಯರು ಆಳ್ವಿಕೆಯ 25 ವರ್ಷ ಪೂರೈಸಿದ್ದಕ್ಕೆ ಅರಮನೆಯ ನೌಕರರು ದುಡ್ಡು ಹಾಕಿ ಕಟ್ಟಿಸಿದ್ದು. ಅದರ ಮುಖದ ಮೇಲೆ ಕನ್ನಡದ ಅಂಕಿಗಳಿವೆ. ನಿಮ್ಮ ಜೊತೆ ಬಂದ ಕನ್ನಡದ ಮಕ್ಕಳಿಗೇ ಅದನ್ನು ಓದಿ ಗಂಟೆ ಎಷ್ಟೆಂದು ಹೇಳಲು ಹೇಳಿ. ಎಷ್ಟು ಮಕ್ಕಳು ತಡವರಿಸುತ್ತಾರೆ ನೋಡಿ. ತಡವರಿಸುವ ಅಪ್ಪಂದಿರೂ ಸಿಗುತ್ತಾರೆ.

ಮಾರುಕಟ್ಟೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ನೀವು ಹೇಳುವ ಕೆಲವು ಮಾತುಗಳನ್ನು ತಿದ್ದಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ದೇವರಾಜ ಮಾರುಕಟ್ಟೆ ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸರ ಹೆಸರಿನದಲ್ಲ. ಅವರ ಹೆಸರಿನದು ಪಕ್ಕದ ರಸ್ತೆ. ಮಾರುಕಟ್ಟೆ, ಮೊಹಲ್ಲಾ ಎರಡೂ ಅವರಿಗಿಂತ ಬಹಳ ಹಳೆಯವು. ಬಣ್ಣದ ಗುಡ್ಡೆಗಳೆಲ್ಲ ಕುಂಕುಮವಲ್ಲ. ನೀಲಿ, ಹಸಿರು, ನೇರಳೆ ಕಾಣುತ್ತಿದ್ದರೆ ಅದು ರಂಗೋಲಿ ಪುಡಿ. ಮೊನ್ನೆಮೊನ್ನೆ ಕೂಡ ಯಾರೋ ಹೆಂಗಸಿನ ಹಣೆಗೆ ಹಸಿರು ಪುಡಿ ಹಚ್ಚಿಸಿ ಫೋಟೋ ತೆಗೆಸುತ್ತಿದ್ದಿರಿ. ಹೂವಿನವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಹಾಗೆಯೇ ಅಂಬಾರಿ 750 ಕೆ.ಜಿ. ಅಪ್ಪಟ ಚಿನ್ನ ಎಂದು ಹೇಳುವುದನ್ನೂ ಬಿಡಿ. 750 ಕೆ.ಜಿ. ಎನ್ನುವುದು ಅದರ ಒಟ್ಟು ತೂಕದ ಲೆಕ್ಕ. ಒಳಗಿರುವುದು ಮರದ ಚೌಕಟ್ಟು, ಮೇಲೆ ಚಿನ್ನದ ತಗಡು. ನಿಜ ಹೇಳಿದರೆ ಅಂಬಾರಿಯ ಬೆಲೆಯೇನೂ ಇಳಿಯುವುದಿಲ್ಲ.

ಅದರ ಬದಲು ಹೂವಿನ ಸಾಲಿನಲ್ಲಿ ನಿಲ್ಲಿಸಿ. ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ಕೊಡುತ್ತಾರೆ. ಬೆರಳ ತುದಿಯಿಂದ ಮೊಣಕೈಗೆ ಒಂದು ಮೊಳ. ಮಾರುವವರ ಕೈ ಗಿಡ್ಡವಾದರೆ ಮೊಳವೂ ಗಿಡ್ಡ. ಹೀಗಾಗಿ ನಮ್ಮ ಮನೆಯ ಹೆಂಗಸರು ಹೂವು ನೋಡಿ ಅಂಗಡಿ ಹಿಡಿಯುವುದಿಲ್ಲ, ಕೈ ನೋಡಿ ಹಿಡಿಯುತ್ತಾರೆ. ಚೌಕಾಸಿ ಒಂದು ಹಂತಕ್ಕೆ ಬಂದಾಗ ಹೂವಿನವಳು ದಾರವನ್ನು ಮೊಣಕೈಗಿಂತ ನಾಲ್ಕು ಬೆರಳು ಹಿಂದಕ್ಕೆ ಎಳೆದು ‘ತಗಳಿ, ನಿಮ್ಗೇ ಹೆಚ್ಗೆ’ ಎಂದು ಕಿತ್ತು ಕೊಡುತ್ತಾಳೆ. ವೀಳ್ಯದೆಲೆ ಕವಳಿಗೆಯ ಲೆಕ್ಕ, ಬಾಳೆ ಗೊನೆಯ ಲೆಕ್ಕ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ರಸಬಾಳೆಯನ್ನು ಮಾತ್ರ ಹುಡುಕಿಯೇ ಕೊಳ್ಳಬೇಕು. ಪನಾಮ ಸೊರಗು ರೋಗ ತೋಟಗಳನ್ನು ತಿಂದುಹಾಕಿದ ಮೇಲೆ, ‘ರಸಬಾಳೆ’ ಎಂದು ಕೂಗಿ ಮಾರುವುದೆಲ್ಲ ರಸಬಾಳೆಯಾಗಿ ಉಳಿದಿಲ್ಲ.

ಇಷ್ಟು ಹೇಳಿದ ಮೇಲೆ ಯಾತ್ರಿಕರ ಕಣ್ಣನ್ನು ಮೇಲಕ್ಕೆ ತಿರುಗಿಸಿ. ಈ ಕಟ್ಟಡಗಳು ಸಿಮೆಂಟು ಕಾಣದ ಕಾಲದವು. ಸುಣ್ಣ, ಮರಳು, ಸುರ್ಕಿ ಎಂಬ ಇಟ್ಟಿಗೆ ಪುಡಿ ಹಾಕಿ ಅರೆದ ಗಾರೆ. ಅದು ಗಟ್ಟಿ ಹಿಡಿಯಲೆಂದು ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಬೆರೆಸುವುದು ನಮ್ಮ ಕಡೆಯ ಗಾರೆ ಕೆಲಸದವರ ಪದ್ಧತಿ. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಮೇಲೆ ಗಾರೆ ಬಡಿದು ಮಾಡಿದ್ದು ಮದ್ರಾಸು ತಾರಸಿ. ಗಾರೆಯ ಗೋಡೆ ಮಳೆಗಾಲದಲ್ಲಿ ಕುಡಿದ ನೀರನ್ನು ಬಿಸಿಲಿಗೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ಆ ನೀರು ಒಳಗೇ ಉಳಿದು, ಗೋಡೆಯೊಳಗೆ ಹುದುಗಿದ ತೊಲೆಯ ತುದಿಯನ್ನು ಕೊಳೆಸುತ್ತದೆ. ಹೊರಗೆ ಬಣ್ಣ ಥಳಥಳ, ಒಳಗೆ ತೊಲೆ ಪುಡಿಪುಡಿ. ತಾರಸಿಯ ಮೇಲೆ ಹುಟ್ಟುವ ಅರಳಿ ಸಸಿಯನ್ನು ವರ್ಷಕ್ಕೊಮ್ಮೆ ಬೇರುಸಹಿತ ಕೀಳಬೇಕು. ನೀರಿನ ದೋಣಿಯಲ್ಲಿ ತುಂಬಿದ ಎಲೆ ತೆಗೆಯಬೇಕು. ಒಬ್ಬ ಆಳು, ಒಂದು ಏಣಿ, ಒಂದು ಕುಡುಗೋಲಿನ ಕೆಲಸ ಅದು. ಆ ಕೆಲಸ ಯಾರದೂ ಆಗಲಿಲ್ಲ.

2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಹಳೆಯ ಪುಸ್ತಕದ ಅಂಗಡಿಗಳಿದ್ದ ಕಟ್ಟಡ ಅದು. ಮಹಾರಾಜ ಕಾಲೇಜಿನ ಎಷ್ಟು ತಲೆಮಾರಿನ ಹುಡುಗರು ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡು, ಪರೀಕ್ಷೆ ಮುಗಿದ ವಾರವೇ ಅದನ್ನು ಕಾಲು ಬೆಲೆಗೆ ಅಲ್ಲೇ ಮಾರಿ ಸಿನಿಮಾಕ್ಕೆ ಹೋಗಿದ್ದಾರೋ! 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲ ಕಡೆಯ ಭಾಗ ಬಿತ್ತು, ಅದೂ ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ. ಅಲ್ಲಿಂದ ಶುರುವಾದದ್ದು ಕೆಡವಬೇಕೋ ಉಳಿಸಬೇಕೋ ಎಂಬ ಜಗಳ. ಒಂದು ತಜ್ಞರ ತಂಡ ಉಳಿಸಬಹುದು ಎಂದಿತು, ಇನ್ನೊಂದು ಸಾಧ್ಯವಿಲ್ಲ ಎಂದಿತು. ಎಂಟುನೂರಕ್ಕೂ ಹೆಚ್ಚು ಮಳಿಗೆಗಳವರು ಜೀವ ಕೈಯಲ್ಲಿ ಹಿಡಿದು ಕೂತರು. 2023ರಲ್ಲಿ ಹೈಕೋರ್ಟು ಕೆಡವಿ ಮತ್ತೆ ಕಟ್ಟುವ ತೀರ್ಮಾನಕ್ಕೆ ಒಪ್ಪಿಗೆ ಕೊಟ್ಟಿತು. ಜಗಳ ಅಲ್ಲಿಗೂ ಮುಗಿಯಲಿಲ್ಲ.

ನಾನು ಉಳಿಸಬೇಕು ಎನ್ನುವ ಪಕ್ಷದವನು. ಆದರೆ ನಾಲ್ವರ ಸಾವು ನೋಡಿದ ಊರಿನಲ್ಲಿ ‘ಜೀವಕ್ಕಿಂತ ಕಲ್ಲು ದೊಡ್ಡದೇ?’ ಎಂದು ಕೇಳುವವರನ್ನು ಅರಸಿಕರೆಂದು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ನನ್ನ ಸಂಕಟ ಬೇರೆ. ಅರಮನೆಯ ಗೋಡೆಯಲ್ಲಿ ಬಿರುಕು ಕಂಡರೆ ಯಾರಾದರೂ ‘ಕೆಡವಿ, ಅದೇ ಥರದ್ದು ಕಟ್ಟೋಣ’ ಎನ್ನುತ್ತಾರೆಯೇ? ಎನ್ನುವುದಿಲ್ಲ. ಯಾಕೆಂದರೆ ಅರಮನೆಗೆ ಕಥೆ ಇದೆ, ಆ ಕಥೆಯನ್ನು ಬೆಳಗಿನಿಂದ ಸಂಜೆಯವರೆಗೆ ಹತ್ತು ಭಾಷೆಗಳಲ್ಲಿ ಹೇಳಲು ನೀವಿದ್ದೀರಿ. ಮಾರುಕಟ್ಟೆಗೆ ಇರುವುದು ಬಾಡಿಗೆ, ವ್ಯಾಜ್ಯ, ಇಂಜಿನಿಯರ ವರದಿ ಮಾತ್ರ. ಕಥೆಯಿಲ್ಲದ ಕಟ್ಟಡ ಕಡತದಲ್ಲಿ ಬರೀ ‘ಶಿಥಿಲ’. ನಿಮ್ಮನ್ನೇ ಹುಡುಕಿಕೊಂಡು ಈ ಪತ್ರ ಬರೆಯಲು ಕಾರಣ ಇದು. ಪಾಲಿಕೆಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ.

ಇನ್ನೊಂದು ಕಥೆ ಹೇಳಬೇಕು, ಚೌಕದಿಂದ ತುಸು ದೂರದ್ದು. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂತು, ಮೈಸೂರಿಗೆ ಬರಲಿಲ್ಲ. ಮಹಾರಾಜರು ಭಾರತಕ್ಕೆ ಸೇರಲು ಒಪ್ಪಿದ್ದರು, ಆದರೆ ಜನರ ಸರ್ಕಾರ ರಚನೆಯಾಗಿರಲಿಲ್ಲ. ಆಗ ಎದ್ದದ್ದು ಕೆ.ಸಿ. ರೆಡ್ಡಿಯವರ ಮುಂದಾಳತ್ವದ ‘ಮೈಸೂರು ಚಲೋ’ ಚಳವಳಿ. ಸೆಪ್ಟೆಂಬರ್ ತಿಂಗಳು ಈ ಬೀದಿಗಳಲ್ಲೆಲ್ಲ ಮೆರವಣಿಗೆ, ಲಾಠಿ, ಬಂಧನ. ಐದು ದೀಪದ ವೃತ್ತದಲ್ಲಿ ಬಾವುಟ ಹಾರಿಸಲು ಹೋದ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಮರು ತಿಂಗಳು ಒಪ್ಪಂದವಾಗಿ, ಅಕ್ಟೋಬರ್ ಮುಗಿಯುವ ಮೊದಲು ರೆಡ್ಡಿಯವರ ಸಚಿವ ಸಂಪುಟ ಬಂತು. ಹುಡುಗನ ಹೆಸರು ಆ ವೃತ್ತಕ್ಕೆ ಉಳಿಯಿತು. ದಿನಕ್ಕೆ ನೂರು ಸಲ ‘ರಾಮಸ್ವಾಮಿ ಸರ್ಕಲ್’ ಎಂದು ಕೂಗುವ ಆಟೋದವರೇ, ಅವನು ಯಾರೆಂದು ನಿಮ್ಮ ಸವಾರಿಗೆ ಒಂದು ಸಲವಾದರೂ ಹೇಳಿದ್ದೀರಾ? ಮಹಾರಾಜರ ಊರಿನಲ್ಲಿ ಮಹಾರಾಜರ ಸರ್ಕಾರದ ಗುಂಡಿಗೆ ಸತ್ತ ಹುಡುಗನ ಕಥೆ ಹೇಳಿದರೆ ರಾಜಭಕ್ತಿಗೆ ಕುಂದು ಬರುವುದಿಲ್ಲ. ನಾಲ್ವಡಿಯವರ ಫೋಟೋ ನಮ್ಮ ಮನೆಯ ಗೋಡೆಯ ಮೇಲೂ ಇದೆ. ವಿಶ್ವವಿದ್ಯಾನಿಲಯ, ಆಸ್ಪತ್ರೆ, ಅಣೆಕಟ್ಟು ಕೊಟ್ಟವರನ್ನು ಮರೆಯುವಷ್ಟು ಕೃತಘ್ನರು ಈ ಊರಿನಲ್ಲಿ ಇಲ್ಲ. ಆದರೆ ಎಲ್ಲವನ್ನೂ ಅವರು ಕೊಟ್ಟರು, ನಾವು ಕೈಚಾಚಿ ತೆಗೆದುಕೊಂಡೆವು ಎಂದು ಹೇಳುವುದು ಈ ಊರಿನ ಜನಕ್ಕೆ ಮಾಡುವ ಅವಮಾನ. ಕೇಳಿ ಪಡೆದದ್ದೂ ಇದೆ, ಜಗಳವಾಡಿ ಪಡೆದದ್ದೂ ಇದೆ.

1971ರಲ್ಲಿ ರಾಜಧನ ರದ್ದಾಯಿತು. ಮಹಾರಾಜರು ಕೂರುತ್ತಿದ್ದ ಅಂಬಾರಿಯಲ್ಲಿ ಆಮೇಲೆ ಚಾಮುಂಡೇಶ್ವರಿಯ ವಿಗ್ರಹ ಬಂತು, ಮೆರವಣಿಗೆಗೆ ಚಾಲನೆ ಕೊಡಲು ಮುಖ್ಯಮಂತ್ರಿ ಬಂದರು. ಮುಚ್ಚಿದ ನಾಲೆ, ವೈಸರಾಯರ ಹೆಸರಿನ ಅಂಗಡಿಸಾಲು, ಮಾರುಕಟ್ಟೆಯ ಗೋಡೆ, ಎಲ್ಲದರ ಪಕ್ಕದಿಂದಲೇ ಆ ಅಂಬಾರಿ ಹಾದು ಬನ್ನಿಮಂಟಪಕ್ಕೆ ಹೋಗುತ್ತದೆ.

ಇನ್ನು ಕೆಲಸದ ಮಾತು. ಡಿಸೆಂಬರಿನಲ್ಲಿ ಶಾಲೆಗಳ ಪ್ರವಾಸದ ಬಸ್ಸುಗಳು ಬರುತ್ತವೆ. ಬೀದರ್, ಕಲಬುರಗಿ, ವಿಜಯಪುರದಿಂದ ರಾತ್ರಿಯೆಲ್ಲ ಕೂತು ಬಂದ ಮಕ್ಕಳು. ಅವರಿಂದ ಶುರು ಮಾಡಿ, ಅವರಿಗೆ ಎಣ್ಣೆ ಮಾರುವುದಕ್ಕೂ ಆಗುವುದಿಲ್ಲವಲ್ಲ. ಅರಮನೆ ಮುಗಿದ ಮೇಲೆ ಉತ್ತರದ ಕಡೆ ನಡೆಸಿಕೊಂಡು ಬಂದು ಪುರಭವನದ ಮುಂದೆ ನಿಲ್ಲಿಸಿ ರಂಗಾಚಾರ್ಲು ಹೆಸರು ಹೇಳಿ. ದೊಡ್ಡಗಡಿಯಾರದಲ್ಲಿ ಗಂಟೆ ಓದಿಸಿ. ಸಯ್ಯಾಜಿರಾವ್ ರಸ್ತೆಯಲ್ಲಿ ಕಾಲ ಕೆಳಗೆ ಎಷ್ಟು ಆಳದಲ್ಲಿ ನಾಲೆ ಇದ್ದಿರಬಹುದೆಂದು ಅವರನ್ನೇ ಕೇಳಿ. ಮಾರುಕಟ್ಟೆ ಹಾದು ಚಿಕ್ಕಗಡಿಯಾರಕ್ಕೆ ಬಂದರೆ ಕೂರಲು ಜಾಗ ಇದೆ, ಚುರುಮುರಿ ಸಿಗುತ್ತದೆ.

ದಾರಿ ಒಮ್ಮೆ ನಡೆದು ನೋಡೋಣ ಎನ್ನುವವರು ಭಾನುವಾರ ಬೆಳಿಗ್ಗೆ ಏಳಕ್ಕೆ ಚಿಕ್ಕಗಡಿಯಾರದ ಹತ್ತಿರ ಬನ್ನಿ. ಆ ಹೊತ್ತಿಗೆ ಹೂವಿನ ಮೂಟೆಗಳು ಇಳಿಯುತ್ತಿರುತ್ತವೆ, ಸ್ವಲ್ಪ ಪಕ್ಕಕ್ಕೆ ನಿಂತಿರಿ, ಕೂಲಿಯವರಿಗೆ ತೊಂದರೆಯಾಗುತ್ತದೆ. ನಾನು ಬರುತ್ತೇನೆ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ, ನಿಮಗೆ ಗೊತ್ತಿರುವುದನ್ನು ಕೇಳಿಸಿಕೊಳ್ಳುತ್ತೇನೆ. ಟಾಂಗಾದವರ ಹತ್ತಿರ ನಾನು ಕೇಳಬೇಕಾದ ಕಥೆಗಳು ಬಹಳ ಇವೆ. ಕಾಫಿ ನನ್ನ ಲೆಕ್ಕ.

ಇಂತಿ ನಿಮ್ಮವ,
ದೇವರಾಜ ಮೊಹಲ್ಲಾದ ಒಬ್ಬ ಹಳೆಯ ಗಿರಾಕಿ